ಸಾಮಾನ್ಯ ಇಲಿಯ ಮೈಕ್ರೋಗ್ಲಿಯಾದಲ್ಲೂ ಉರಿಯೂತದ ಜೀನ್‌ಗಳು: ರೋಗವೋ, ಬೇರ್ಪಡಿಸುವ ವಿಧಾನದ ಕಾಟವೋ?

ಗ್ಲಿಯಾ_ಓದುಗ ಕೇಳಿದ್ದು:

ಅಲ್ಜೈಮರ್ ಮಾದರಿಯ ಇಲಿ ಮತ್ತು ಅದೇ ಸೂಲಿನ ಸಾಮಾನ್ಯ ಇಲಿ, ಎರಡರ ಮಿದುಳಿನಿಂದಲೂ ಮೈಕ್ರೋಗ್ಲಿಯಾ (ಮಿದುಳಿನ ರೋಗನಿರೋಧಕ ಕೋಶಗಳು) ತೆಗೆದು ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವುದು) ಮಾಡಿದ್ದೇವೆ. ವಿಧಾನ ಇಷ್ಟು: ತಣ್ಣನೆಯ ಲವಣ ದ್ರಾವಣ ಪಿಬಿಎಸ್‌ನಿಂದ ಪರ್ಫ್ಯೂಷನ್ (ರಕ್ತನಾಳ ತೊಳೆಯುವುದು), 37 ಡಿಗ್ರಿಯಲ್ಲಿ 30 ನಿಮಿಷ ಪಪೈನ್ (ಅಂಗಾಂಶ ಬಿಡಿಸುವ ಕಿಣ್ವ), 30% ಪರ್ಕಾಲ್ (ಸಾಂದ್ರತೆಯಂತೆ ಕೋಶ ಬೇರ್ಪಡಿಸುವ ದ್ರವ), ಆಮೇಲೆ ಕೋಶದ ಮೇಲ್ಮೈ ಗುರುತುಗಳಾದ ಸಿಡಿ11ಬಿ ಮತ್ತು ಸಿಡಿ45 ನೋಡಿ ಸಾರ್ಟಿಂಗ್ (ಯಂತ್ರದಲ್ಲಿ ವಿಂಗಡಣೆ). ಎರಡೂ ಗುಂಪಿನಲ್ಲಿ ಫಾಸ್, ಜುನ್, ಐಎಲ್1ಬಿ, ಸಿಸಿಎಲ್3 ಜೋರಾಗಿವೆ. ರೋಗದ ಗುಂಪಿನಲ್ಲಿ ಸ್ವಲ್ಪ ಹೆಚ್ಚು, ಅಷ್ಟೇ. ಇದನ್ನು ರೋಗದ ಲಕ್ಷಣ ಎಂದು ಬರೆಯಬಹುದೇ?

ಜೊತೆಗೆ ಇನ್ನೊಂದು. ನವಜಾತ ಮರಿಗಳ ಮೈಕ್ರೋಗ್ಲಿಯಾ ಕಲ್ಚರ್‌ನಲ್ಲಿ ಏನೂ ಹಾಕದ ಬಾವಿಗಳಲ್ಲೂ (ಕಲ್ಚರ್ ತಟ್ಟೆಯ ಗುಳಿಗಳು) ಉರಿಯೂತದ ಪ್ರೋಟೀನ್ ಟಿಎನ್‌ಎಫ್ ಸಿಗುತ್ತಿದೆ. ಅಮಿಲಾಯ್ಡ್ ಬೀಟಾ (ಅಲ್ಜೈಮರ್‌ನಲ್ಲಿ ಮಿದುಳಿನಲ್ಲಿ ಗಡ್ಡೆಕಟ್ಟುವ ಪೆಪ್ಟೈಡ್) ಹಾಕಿದರೆ ಇನ್ನಷ್ಟು ಏರುತ್ತದೆ.

ಕೋಶ_ವಿಂಗಡಣೆ ಉತ್ತರಿಸಿದ್ದು:

ಬರೆಯಬೇಡಿ. ನೀವು ಹೆಸರಿಸಿದ ನಾಲ್ಕೂ ಜೀನ್‌ಗಳು ಬೆಚ್ಚಗಿನ ಕಿಣ್ವದಲ್ಲಿ ಕೂತ ಮೈಕ್ರೋಗ್ಲಿಯಾ ಹೊರಹಾಕುವ ಸಾಮಾನ್ಯ ಕೂಗು. ಜೊತೆಗೆ ಒತ್ತಡಕ್ಕೆ ಬೇಗ ಏಳುವ ಇಜಿಆರ್1, ಎಟಿಎಫ್3, ಡಸ್ಪ್1, ಹೀಟ್ ಶಾಕ್ ಜೀನ್‌ಗಳೂ ಎದ್ದಿವೆಯೇ ನೋಡಿ. ಎದ್ದಿದ್ದರೆ ಅನುಮಾನವೇ ಬೇಡ. ಈ ಕೋಶಗಳು ಮಿದುಳಿನಲ್ಲಿದ್ದಾಗಲೂ ಸುಮ್ಮನೆ ಕೂತಿರುವುದಿಲ್ಲ, ತಮ್ಮ ಕವಲುಗಳನ್ನು ಸದಾ ಚಾಚಿ ಸುತ್ತಲಿನ ಅಂಗಾಂಶವನ್ನು ತಡವುತ್ತಿರುತ್ತವೆ. ಆ ಕವಲುಗಳನ್ನೆಲ್ಲ ಕತ್ತರಿಸಿ, ಬೆಚ್ಚಗೆ ಇಟ್ಟು, ಜೀನ್‌ಗಳಿಗೆ ಅರ್ಧ ಗಂಟೆ ಸಮಯ ಕೊಟ್ಟರೆ ಪ್ರತಿಕ್ರಿಯೆ ಬಂದೇ ಬರುತ್ತದೆ.

ರೋಗದ ಗುಂಪಿನಲ್ಲಿ "ಸ್ವಲ್ಪ ಹೆಚ್ಚು" ಎನ್ನುವುದೇ ಇಲ್ಲಿ ಅತಿ ದೊಡ್ಡ ಬಲೆ. ಮೊದಲೇ ಕೆರಳಿರುವ ಕೋಶ ಕಿಣ್ವಕ್ಕೂ ಹೆಚ್ಚು ಪ್ರತಿಕ್ರಿಯಿಸಬಹುದು. ಆಗ ಎರಡು ಗುಂಪಿನ ನಡುವಿನ ವ್ಯತ್ಯಾಸ ಅಂಕಿಅಂಶದಲ್ಲಿ ನಿಜವಾಗಿಯೇ ಕಾಣುತ್ತದೆ, ಆದರೆ ಅದು ಮಿದುಳಿನೊಳಗೆ ಇದ್ದದ್ದಲ್ಲ, ನಿಮ್ಮ ಟ್ಯೂಬಿನಲ್ಲಿ ಹುಟ್ಟಿದ್ದು. ಹಾಗಾಗಿ ಕಂಟ್ರೋಲ್ ಗುಂಪನ್ನು ಕಳೆದುಬಿಟ್ಟರೆ ಸರಿಹೋಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದಾರಿ ಎರಡಿವೆ. ಮೊದಲನೆಯದು, ಕಿಣ್ವವನ್ನೇ ಬಿಡುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಎಚ್‌ಬಿಎಸ್‌ಎಸ್ ಎಂಬ ಲವಣ ದ್ರಾವಣದಲ್ಲಿ, ಮಂಜುಗಡ್ಡೆಯ ಮೇಲೆಯೇ ಡೌನ್ಸ್ ಹೋಮೋಜಿನೈಸರ್‌ನ (ಗಾಜಿನ ಕೊಳವೆಯಲ್ಲಿ ಅಂಗಾಂಶ ಅರೆಯುವ ಸಾಧನ) ಸಡಿಲ ದಂಡದಿಂದ ನಿಧಾನವಾಗಿ ಒತ್ತಿ, ನೊರೆ ಬರಬಾರದು. 70 ಮೈಕ್ರಾನ್ ಜರಡಿಯಲ್ಲಿ ಸೋಸಿ. ಸಾರ್ಟರ್ ಮುಟ್ಟುವವರೆಗೆ ಎಲ್ಲವೂ 4 ಡಿಗ್ರಿಯಲ್ಲೇ ಇರಲಿ. ಕೋಶ ಕಡಿಮೆ ಸಿಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಎರಡನೆಯದು, ಕಿಣ್ವ ಬೇಕೇ ಬೇಕು ಎಂದಾದರೆ (ಆಸ್ಟ್ರೋಸೈಟ್ ಎಂಬ ಇನ್ನೊಂದು ಬಗೆಯ ಕೋಶಗಳೂ ಅದೇ ಮಿದುಳಿನಿಂದ ಬೇಕಿದ್ದರೆ ಬೇರೆ ಗತಿಯಿಲ್ಲ), ಆಕ್ಟಿನೋಮೈಸಿನ್ ಡಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ, ಟ್ರಿಪ್ಟೋಲೈಡ್ 10 ಮೈಕ್ರೋಮೋಲಾರ್, ಅನಿಸೋಮೈಸಿನ್ ಮಿಲಿಲೀಟರಿಗೆ 27.1 ಮೈಕ್ರೋಗ್ರಾಂ, ಮೂರನ್ನೂ ಕಿಣ್ವದ ದ್ರಾವಣಕ್ಕೆ ಸೇರಿಸಿ. ಮೊದಲೆರಡು ಹೊಸ ಆರ್‌ಎನ್‌ಎ ಹುಟ್ಟದಂತೆ, ಮೂರನೆಯದು ಹೊಸ ಪ್ರೋಟೀನ್ ಹುಟ್ಟದಂತೆ ತಡೆಯುತ್ತವೆ. ಕಿಣ್ವದ ಹಂತದಲ್ಲಿ ಹಾಕಿದರೆ ಸಾಲದು, ಪರ್ಫ್ಯೂಷನ್ ದ್ರವದಿಂದಲೇ ಶುರುವಾಗಬೇಕು. ಮೂರೂ ವಿಷ, ಕೈಗವಸು ಮತ್ತು ತ್ಯಾಜ್ಯದ ವಿಷಯದಲ್ಲಿ ಸಸಾರ ಬೇಡ.

ಪರ್ಕಾಲ್ ಬಗ್ಗೆಯೂ ಒಂದು ಮಾತು. ಬಾಟಲಿಯಿಂದ ಬರುವ ಪರ್ಕಾಲ್‌ನಲ್ಲಿ ಲವಣ ಇರುವುದಿಲ್ಲ. 9 ಭಾಗಕ್ಕೆ 1 ಭಾಗ 10 ಪಟ್ಟಿನ ಪಿಬಿಎಸ್ ಸೇರಿಸಿ, ಅದನ್ನೇ 100% ಎಂದು ಹಿಡಿದು 30%ಗೆ ಇಳಿಸಿ. ನೇರವಾಗಿ ನೀರಿನಲ್ಲಿ ಇಳಿಸಿದರೆ ಕೋಶಗಳು ಊದಿ ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ 500 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ, ಬ್ರೇಕ್ ಆಫ್ ಇರಲಿ. ಮೈಲಿನ್ (ನರತಂತುಗಳ ಕೊಬ್ಬಿನ ಹೊದಿಕೆ) ಮೇಲೆ ಕೆನೆಯಂತೆ ಕಟ್ಟುತ್ತದೆ, ಕೋಶಗಳು ತಳದಲ್ಲಿರುತ್ತವೆ. ಮೊದಲು ಆ ಕೆನೆಯನ್ನು ಪೂರ್ತಿ ಎಳೆದುಕೊಂಡು, ಪಿಪೆಟ್ ತುದಿ ಬದಲಿಸಿ, ಆಮೇಲಷ್ಟೇ ಉಳಿದ ದ್ರವಕ್ಕೆ ಕೈಹಾಕಿ. ಅದೇ ತುದಿಯಲ್ಲಿ ಮುಂದುವರಿದರೆ ಮೈಲಿನ್ ಮತ್ತೆ ತಳಕ್ಕೆ ಸೇರಿ, ಸಾರ್ಟಿಂಗ್‌ನಲ್ಲಿ ಅರ್ಧಕ್ಕರ್ಧ ಕಸವೇ ಕಾಣುತ್ತದೆ.

ಟ್ರೆಮ್_ಹಿಂಬಾಲಕ ಉತ್ತರಿಸಿದ್ದು:

ಮೇಲಿನದಕ್ಕೆ ಪೂರ್ತಿ ಸಹಮತವಿದೆ, ಆದರೆ ಇರುವ ಡೇಟಾವನ್ನು ಕಸದಬುಟ್ಟಿಗೆ ಹಾಕಬೇಕಿಲ್ಲ. ಅಮಿಲಾಯ್ಡ್ ಗಡ್ಡೆಗಳ ಸುತ್ತ ಸೇರುವ ಮೈಕ್ರೋಗ್ಲಿಯಾದ ಗುರುತು ಬೇರೆಯೇ ಇದೆ: ಎಪಿಒಇ, ಟ್ರೆಮ್2 (ಮೈಕ್ರೋಗ್ಲಿಯಾದ ಮೇಲ್ಮೈಯ ಒಂದು ಗ್ರಾಹಕ), ಸಿಎಸ್‌ಟಿ7, ಎಲ್‌ಪಿಎಲ್, ಐಟಿಗ್ಯಾಕ್ಸ್, ಕ್ಲೆಕ್7ಎ ಏರುತ್ತವೆ, ಪಿ2ಆರ್‌ವೈ12, ಟಿಮೆಮ್119, ಸಿಎಕ್ಸ್3ಸಿಆರ್1 ಇಳಿಯುತ್ತವೆ. 2017ರಲ್ಲಿ ಒಂಟಿಕೋಶ ಸೀಕ್ವೆನ್ಸಿಂಗ್‌ನಿಂದ ಹೊರಬಂದ ಈ ಸ್ಥಿತಿಗೆ ಎರಡು ಮೆಟ್ಟಿಲು. ಮೊದಲನೆಯದಕ್ಕೆ ಟ್ರೆಮ್2 ಬೇಡ, ಎರಡನೆಯದು ಟ್ರೆಮ್2 ಇಲ್ಲದೆ ಆಗುವುದಿಲ್ಲ. ಅರ್ಧ ಗಂಟೆಯ ಪಪೈನ್ ಇಡೀ ಈ ಪಟ್ಟಿಯನ್ನು ಮೇಲೆಬ್ಬಿಸುವುದಿಲ್ಲ. ಅದು ನಿಮ್ಮ ರೋಗದ ಗುಂಪಿನಲ್ಲಿ ಮಾತ್ರ ಇದ್ದರೆ ಧೈರ್ಯವಾಗಿ ಬರೆಯಿರಿ. ಸಿಸಿಎಲ್3, ಸಿಸಿಎಲ್4 ಮಾತ್ರ ರೋಗದಲ್ಲೂ ಕಿಣ್ವದ ಪ್ರತಿಕ್ರಿಯೆಯಲ್ಲೂ, ಎರಡೂ ಕಡೆ ಕಾಣಿಸಿಕೊಳ್ಳುವ ಜೀನ್‌ಗಳು. ಅವುಗಳ ತೀರ್ಪು ಬೇಕಿದ್ದರೆ ಕೂಡಲೇ ಹೆಪ್ಪುಗಟ್ಟಿಸಿದ ಮಿದುಳಿನ ತೆಳುಪದರದಲ್ಲಿ ಇನ್ ಸಿಟು ಹೈಬ್ರಿಡೈಸೇಶನ್ (ಅಂಗಾಂಶದಲ್ಲೇ ಆರ್‌ಎನ್‌ಎ ಗುರುತಿಸುವ ವಿಧಾನ) ಮಾಡಿ.

ಮನುಷ್ಯರ ಮಾದರಿಗೆ ಜಿಗಿಯುವ ಯೋಚನೆ ಇದ್ದರೆ ಎರಡು ಎಚ್ಚರಿಕೆ. ಹೆಪ್ಪುಗಟ್ಟಿಸಿದ ಅಂಗಾಂಶದಿಂದ ಬರೀ ನ್ಯೂಕ್ಲಿಯಸ್ ತೆಗೆದು ಸೀಕ್ವೆನ್ಸ್ ಮಾಡಿದರೆ ಮೇಲಿನ ಪಟ್ಟಿಯ ಹಲವು ಜೀನ್‌ಗಳು ಮಂಕಾಗಿ ಕಾಣುತ್ತವೆ, "ಮನುಷ್ಯರಲ್ಲಿ ಈ ಸ್ಥಿತಿಯೇ ಇಲ್ಲ" ಎಂದು ಆತುರಪಡಬೇಡಿ. ಇನ್ನು ಟ್ರೆಮ್2ರ ಆರ್47ಎಚ್ ರೂಪಾಂತರ. 2013ರಲ್ಲಿ ಅಲ್ಜೈಮರ್‌ನ ಅಪಾಯ ಹೆಚ್ಚಿಸುವುದೆಂದು ಗೊತ್ತಾದದ್ದು ಇದೇ. ಅದನ್ನು ಇಲಿಯ ಜೀನ್‌ನಲ್ಲಿ ತಿದ್ದಿದ ಮೊದಲ ಮಾದರಿಗಳಲ್ಲಿ ಸ್ಪ್ಲೈಸಿಂಗ್ (ಆರ್‌ಎನ್‌ಎ ತುಂಡುಗಳ ಜೋಡಣೆ) ತಪ್ಪಿ ಟ್ರೆಮ್2ರ ಪ್ರಮಾಣವೇ ಕುಸಿಯುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. ನಿಮ್ಮದು ಅಂಥ ಇಲಿಯೇ ಎಂದು ಮೊದಲು ನೋಡಿಕೊಳ್ಳಿ.

ದಯವಿಟ್ಟು ಎಂ1 (ಉರಿಯೂತ ಹೆಚ್ಚಿಸುವ), ಎಂ2 (ಉರಿಯೂತ ತಗ್ಗಿಸುವ) ಎಂದು ಮಾತ್ರ ಬರೆಯಬೇಡಿ. ಮಿದುಳಿನೊಳಗಿನ ಕೋಶಗಳು ಆ ಎರಡು ಡಬ್ಬಿಗಳಿಗೆ ಎಂದೂ ಒಗ್ಗಿದ್ದಿಲ್ಲ.

ಕಲ್ಚರ್_ಕಟ್ಟೆ ಉತ್ತರಿಸಿದ್ದು:

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. 10% ಸೀರಮ್‌ನಲ್ಲಿ ಬೆಳೆದ ಮೈಕ್ರೋಗ್ಲಿಯಾ ಆಗಲೇ ಕೆರಳಿರುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ರಕ್ತದ ಸೀರಮ್ ಅದಕ್ಕೆ ತಾಗುವುದೇ ಇಲ್ಲ. ತಾಗಿದರೆ ಅದು ಗಾಯದ ಸೂಚನೆ. ಫ್ಲಾಸ್ಕ್ ಅಲುಗಾಡಿಸಿ ಬಿಡಿಸಿದ ಮೇಲೆ ಸೀರಮ್ ಇಲ್ಲದ ಮಾಧ್ಯಮಕ್ಕೆ ಬದಲಿಸಿ. ಮಿಲಿಲೀಟರಿಗೆ ಐಎಲ್34 100 ನ್ಯಾನೋಗ್ರಾಂ, ಟಿಜಿಎಫ್ ಬೀಟಾ2 2 ನ್ಯಾನೋಗ್ರಾಂ, ಕೊಲೆಸ್ಟ್ರಾಲ್ 1.5 ಮೈಕ್ರೋಗ್ರಾಂ. ಐಎಲ್34 ಅಥವಾ ಸಿಎಸ್‌ಎಫ್1 ಯಾವುದೂ ಇಲ್ಲದೆ ಸೀರಮ್ ತೆಗೆದರೆ ಕೆಲವೇ ದಿನಗಳಲ್ಲಿ ಕೋಶಗಳು ಸಾಯುತ್ತವೆ, ಏಕೆಂದರೆ ಅವುಗಳ ಉಳಿವು ಸಿಎಸ್‌ಎಫ್1 ಗ್ರಾಹಕದ ಮೇಲೆ ನಿಂತಿದೆ.

ಅಮಿಲಾಯ್ಡ್ ಬೀಟಾ ಹಾಕಿದಾಗಿನ ಏರಿಕೆಯನ್ನು ನಂಬುವ ಮುನ್ನ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್) ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪೆಪ್ಟೈಡ್ ಆದರಂತೂ ಕಡ್ಡಾಯ. ಮೈಕ್ರೋಗ್ಲಿಯಾಕ್ಕೆ ಚೂರು ಎಲ್‌ಪಿಎಸ್ ಸಾಕು. ಕುದಿಸಿ ನೋಡುವುದು ಒಂದು ಒರಟು ಉಪಾಯ: ಎಲ್‌ಪಿಎಸ್ ಕುದಿಗೆ ಜಗ್ಗುವುದಿಲ್ಲ, ಪ್ರೋಟೀನ್ ಸಾಮಾನ್ಯವಾಗಿ ಕೆಡುತ್ತದೆ. ಆದರೆ ಅಮಿಲಾಯ್ಡ್ ನಾರುಗಳೂ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ, ಹಾಗಾಗಿ ಎಲ್‌ಪಿಎಸ್ ಅನ್ನು ಹಿಡಿದಿಡುವ ಪಾಲಿಮಿಕ್ಸಿನ್ ಬಿ ಸೇರಿಸಿದ ಬಾವಿ ಒಂದನ್ನು ಇಡುವುದು ವಾಸಿ. ಅದರಲ್ಲಿ ಟಿಎನ್‌ಎಫ್ ಬಿದ್ದುಹೋದರೆ ಅಲ್ಲಿ ಕೆಲಸ ಮಾಡಿದ್ದು ಎಲ್‌ಪಿಎಸ್. ಪೆಪ್ಟೈಡ್ ಇಲ್ಲದ, ಆದರೆ ಅದೇ ಡಿಎಂಎಸ್‌ಒ, ಅದೇ ಬಫರ್, ಅಷ್ಟೇ ಹೊತ್ತು ಇಟ್ಟ ಕಂಟ್ರೋಲ್ ಕೂಡ ಇರಲಿ. ಮೈಕೋಪ್ಲಾಸ್ಮಾ (ಕಲ್ಚರ್‌ಗೆ ನುಸುಳುವ ಬ್ಯಾಕ್ಟೀರಿಯಾ) ಪಿಸಿಆರ್ ಅನ್ನೂ ಮರೆಯಬೇಡಿ.

ಗ್ಲಿಯಾ_ಓದುಗ:

ಧನ್ಯವಾದಗಳು. ಎಟಿಎಫ್3, ಡಸ್ಪ್1 ಎರಡೂ ಮೇಲೆಯೇ ಇವೆ. ಮೂರು ತಡೆಕಾರಕಗಳ ದಾರಿ ಹಿಡಿದರೆ, ಸತ್ತ ಕೋಶ ಗುರುತಿಸಲು ಈಗ ಬಳಸುವ 7-ಎಎಡಿ ಹಾಗೇ ಮುಂದುವರಿಸಬಹುದಾ?

ಕೋಶ_ವಿಂಗಡಣೆ:

ಬೇಡ. 7-ಎಎಡಿ ಎಂದರೆ ಆಕ್ಟಿನೋಮೈಸಿನ್ ಡಿಯದೇ ಸೋದರ ಅಣು, ಎರಡೂ ಡಿಎನ್‌ಎಯ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಸತ್ತ ಕೋಶಗಳು ಮಂಕಾಗಿ, ಬದುಕಿದವುಗಳ ಗೇಟಿನೊಳಗೆ ನುಸುಳುತ್ತವೆ. ಪ್ರೋಟೀನ್‌ನ ಅಮೈನ್‌ಗೆ ಅಂಟುವ ಫಿಕ್ಸಬಲ್ ವಯಬಿಲಿಟಿ ಡೈ (ಸತ್ತ ಕೋಶ ಗುರುತಿಸುವ ಬಣ್ಣ) ತೆಗೆದುಕೊಳ್ಳಿ. ಅದನ್ನು ಹಾಕುವಾಗ ಬಫರ್‌ನಲ್ಲಿ ಬಿಎಸ್‌ಎ (ದನದ ಸೀರಮ್‌ನ ಪ್ರೋಟೀನ್) ಇರಬಾರದು, ಇದ್ದರೆ ಡೈ ಎಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ.