ಉಗುರು ಕತ್ತರಿಸಲು ಎತ್ತಿದರೆ ಮೊಲ ಒದೆಯುತ್ತದೆ, ಹೇಗೆ ಹಿಡಿಯಬೇಕು?

ಪ್ರಶ್ನೆ (ಚಿಂತಾಮಣಿಯಿಂದ):
ಮಗಳಿಗೆ ಅಂತ ಬಿಳಿ ಮೊಲ ತಂದಿದ್ದೇವೆ, ಹೆಸರು ಪುಟ್ಟಿ. ತಲೆ ಸವರಿದರೆ ಕಣ್ಣು ಮುಚ್ಚಿ ಕೂರುತ್ತದೆ. ಎತ್ತಿಕೊಂಡ ತಕ್ಷಣ ಮಾತ್ರ ಹಿಂಗಾಲು ಜಾಡಿಸಿ ಹಾರಿಬಿಡುತ್ತದೆ. ಉಗುರು ಉದ್ದ ಬೆಳೆದಿದೆ. ಅಂಗಡಿಯವರು ಕಿವಿ ಹಿಡಿದೇ ಎತ್ತಿ ಕೊಟ್ಟಿದ್ದರು. ನಮ್ಮ ಮನೆಯವರು ಅಂಗಾತ ಮಲಗಿಸಿದರೆ ಸುಮ್ಮನಾಗುತ್ತದೆ ಅಂತಾರೆ. ಹಾಗೆ ಮಾಡಬಹುದಾ?

ಉತ್ತರ (ಶಿಡ್ಲಘಟ್ಟದಿಂದ):
ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ ಅಕ್ಕ. ಅಂಗಾತ ಮಲಗಿಸುವುದೂ ಬೇಡ. ಭಯಕ್ಕೆ ಮರಗಟ್ಟಿ ಹಾಗೆ ಬಿದ್ದಿರುತ್ತದೆ, ಅಷ್ಟೇ. ಮೊಲದ ಮೂಳೆ ಹಗುರ, ಹಿಂಗಾಲಿನ ಬಲ ಜಾಸ್ತಿ. ಹಿಂಭಾಗಕ್ಕೆ ಆಸರೆ ಇಲ್ಲದೆ ಜಾಡಿಸಿದರೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಮುಕ್ಕಾಲು ಪಾಲು ತಪಾಸಣೆಗೆ ಎತ್ತುವ ಅಗತ್ಯವೇ ಇಲ್ಲ. ನೆಲಕ್ಕೆ ಗೋಣಿಚೀಲ ಹಾಸಿ ಕೂರಿ. ಟೈಲ್ಸ್ ಮೇಲೆ ಕಾಲು ಜಾರಿದರೆ ಅದಕ್ಕೆ ಗಾಬರಿ. ನಮ್ಮದು ರೇಷ್ಮೆ ಸಾಕುವ ಮನೆ, ಒಂದು ಹಿಪ್ಪುನೇರಳೆ ಎಲೆ ಹಿಡಿದರೆ ತಾನೇ ಹತ್ತಿರ ಬರುತ್ತದೆ. ಔಷಧಿ ಹೊಡೆದ ತೋಟದ ಸೊಪ್ಪು ಮಾತ್ರ ಕೊಡಬೇಡಿ. ಅದು ಮೆಲ್ಲುತ್ತಿರುವಾಗಲೇ ಕಿವಿಯೊಳಗೆ ನೋಡಿ. ಕಂದು ಹಕ್ಕಳೆ ಕಟ್ಟಿದ್ದರೆ ನುಸಿ ಇರಬಹುದು, ಕೀಳದೆ ಡಾಕ್ಟರಿಗೆ ತೋರಿಸಿ. ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿ ಮುದ್ದೆಯಾಗಿದೆಯಾ? ಹಾಗಿದ್ದರೆ ಮೂಗು ಸೋರುತ್ತಿದೆ, ಕಾಲಲ್ಲಿ ಒರೆಸಿಕೊಳ್ಳುತ್ತಿದೆ. ನಾವು ನೋಡುವಾಗ ಮೂಗು ಒಣಗಿಯೇ ಇರುತ್ತದೆ, ಕಾಲು ನಿಜ ಹೇಳುತ್ತದೆ.

ತುಟಿ ಸ್ವಲ್ಪ ಸರಿಸಿ ಹಲ್ಲು ನೋಡಿ. ಮೇಲಿನ ಹಲ್ಲು ಕೆಳಗಿನದರ ಮುಂದೆ ಕೂತಿರಬೇಕು. ಮುಂದಿನ ಹಲ್ಲು ವಾರಕ್ಕೆ 2-3 ಮಿಲಿಮೀಟರ್ ಬೆಳೆಯುತ್ತದೆ, ಹುಲ್ಲು ಜಗಿದೇ ಸವೆಯಬೇಕು. ದವಡೆ ಹಲ್ಲು ನಮಗೆ ಕಾಣುವುದಿಲ್ಲ. ಗದ್ದ ಒದ್ದೆಯಿದ್ದರೆ ಅಲ್ಲೇನೋ ತೊಂದರೆ.

ಉಗುರಿಗೆ ಮಾತ್ರ ಟವೆಲ್ ಸುತ್ತಿ, ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು ನಿಮ್ಮ ಮೈಗೆ ಒತ್ತಿಕೊಳ್ಳಿ. ಬಿಳಿ ಮೊಲ ಅಲ್ವಾ, ಉಗುರೊಳಗೆ ರಕ್ತದ ಗೆರೆ ಕೆಂಪಗೆ ಕಾಣುತ್ತದೆ. ಅದನ್ನು ಮುಟ್ಟದೆ ತುದಿ ಕತ್ತರಿಸಿ. ದಿನಕ್ಕೆ ಒಂದು ಕಾಲಾದರೂ ಸಾಕು.

ಉತ್ತರ (ಕೋಲಾರದಿಂದ):
ಮೇಲಿನವರು ಹೇಳಿದ್ದೆಲ್ಲ ಸರಿ. ಬಾಲದ ಕೆಳಗೆ ದಿನಾ ನೋಡಿ. ಮಳೆಗಾಲದಲ್ಲಿ ಅಲ್ಲಿ ಹಿಕ್ಕೆ ಮೆತ್ತಿಕೊಂಡಿದ್ದರೆ ನೊಣ ಮೊಟ್ಟೆ ಇಡುತ್ತದೆ, ಹುಳು ಒಂದೇ ದಿನದಲ್ಲಿ ಚರ್ಮ ಕೊರೆಯುತ್ತದೆ. ಉಣ್ಣೆ, ಚಿಗಟಕ್ಕೆ ಅಂತ ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ಹೊಡೆಯಲೇಬೇಡಿ, ಜೀವಕ್ಕೆ ಅಪಾಯ. ವಾರಕ್ಕೊಮ್ಮೆ ಬುಟ್ಟಿಯಲ್ಲಿ ಕೂರಿಸಿ ತೂಕ ಬರೆದಿಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಮಗಳಿಗೆ 6 ವರ್ಷ, ಅವಳು ಎತ್ತಿಕೊಳ್ಳಬಹುದಾ?

ಉತ್ತರ (ಶಿಡ್ಲಘಟ್ಟದಿಂದ):
ಈಗ ಬೇಡ ಅಕ್ಕ. ಅವಳು ನೆಲದಲ್ಲಿ ಕೂತು ಸೊಪ್ಪು ತಿನ್ನಿಸಲಿ. ತಟ್ಟೆ ಖಾಲಿಯಾಯಿತಾ, ಹಿಕ್ಕೆ ಬಿದ್ದಿದೆಯಾ ಅಂತ ನೋಡುವ ಕೆಲಸ ಅವಳಿಗೇ ಕೊಡಿ. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೊಲ ನೋಡಿ ಅಭ್ಯಾಸವಿರುವ ಡಾಕ್ಟರ್ ಯಾರು ಅಂತ ಈಗಲೇ ವಿಚಾರಿಸಿಡಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿ.