ಅಪ್‌ಡೇಟ್: ಹೊಸ ಪಿಸ್ತೂಲಿನ ತೊಂದರೆ ಚೇಂಬರಿನಲ್ಲೇ ಇತ್ತು

ಟೆಕ್ಸಸ್‌ನಲ್ಲಿ ಕೊಂಡ ಹೊಸ 9 ಎಂಎಂ ಪಿಸ್ತೂಲಿನಲ್ಲಿ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್ (ಗುಂಡಿನ ಹಿತ್ತಾಳೆ ಕವಚ) ಹೊರಬರದೆ ಸಿಕ್ಕಿಕೊಳ್ಳುತ್ತೆ, ತಪ್ಪು ನನ್ನ ಹಿಡಿತದ್ದೋ ಗನ್ನಿನದ್ದೋ ಅಂತ ಹೋದ ತಿಂಗಳು ಕೇಳಿದ್ದೆ. ಹೆಚ್ಚಿನವರು ಹಿಡಿತ ಬಿಗಿ ಮಾಡಿ, 200 ಗುಂಡು ಹಾರಿಸಿದರೆ ಸರಿಹೋಗುತ್ತೆ ಅಂದಿರಿ. ಒಬ್ಬರು ಮಾತ್ರ ಖಾಲಿ ಕೇಸುಗಳನ್ನು ಎತ್ತಿಟ್ಟು ನೋಡಿ ಅಂದರು. ಅವರಿಗೆ ನಾನು ಋಣಿ.

ನೋಡಿದರೆ ಪ್ರತಿ ಹಿತ್ತಾಳೆ ಕೇಸಿನ ಮೇಲೂ ಒಂದೇ ಜಾಗದಲ್ಲಿ ಗೀರು! ಮ್ಯಾಗಜೀನ್ ತೆಗೆದು, ಚೇಂಬರ್ (ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆ ಅಂತ ಎರಡು ಸಲ ನೋಡಿಕೊಂಡು, ಮೇಲಿನ ಜಾರುವ ಭಾಗವಾದ ಸ್ಲೈಡ್ ಬಿಚ್ಚಿ ಬ್ಯಾರೆಲ್ಲಿನೊಳಗೆ ಟಾರ್ಚ್ ಹಿಡಿದೆ. ಚೇಂಬರಿನ ಗೋಡೆಯಲ್ಲಿ, ಕೊರೆಯುವಾಗ ಉಳಿದುಹೋದ ಲೋಹದ ಚೂಪು ಏಣು. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಆ ಏಣು ಅದನ್ನು ಕಚ್ಚಿ ಹಿಡಿಯುತ್ತಿತ್ತು, ಕೇಸನ್ನು ಹೊರಗೆಳೆಯುವ ಕೊಕ್ಕೆ (ಎಕ್ಸ್‌ಟ್ರಾಕ್ಟರ್) ಎಳೆದರೂ ಬರುತ್ತಿರಲಿಲ್ಲ.

ಮರಳು ಕಾಗದದಲ್ಲಿ ನಾನೇ ಉಜ್ಜಿಬಿಡಲೇ ಅನಿಸಿತ್ತು. ಉಜ್ಜಲಿಲ್ಲ. ಚೇಂಬರಿನ ಅಳತೆ ಕೆಟ್ಟರೆ ಕೇಸ್ ಕೈಯಲ್ಲೇ ಸಿಡಿಯಬಹುದು. ಫೋಟೋ ಸಮೇತ ತಯಾರಕರಿಗೆ ಬರೆದೆ, ಗನ್ ವಾಪಸ್ ಕಳಿಸೋಕೆ ಅವರೇ ಕೊರಿಯರ್ ಲೇಬಲ್ ಕಳಿಸಿದರು. ರಿಪೇರಿಯಾದ ಗನ್ ಅಂಗಡಿಗೆ ಹೋಗದೆ ನೇರ ಮನೆಗೆ ಬರಲು ಇಲ್ಲಿನ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾನೂನಿನಲ್ಲಿ ಅವಕಾಶವಿದೆ. ಬ್ಯಾರೆಲ್ಲನ್ನೇ ಬದಲಿಸಿದ್ದಾರೆ. ನಿನ್ನೆ ರೇಂಜಿನಲ್ಲಿ 150 ಗುಂಡು ಹಾರಿಸಿದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ಕಾರ್ಖಾನೆಯಲ್ಲೇ ಯಾರಾದರೂ ಒಮ್ಮೆ ಟಾರ್ಚ್ ಹಿಡಿದಿದ್ದರೆ ಸಾಕಿತ್ತು ಅನ್ನೋ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.