ಮಲಪ್ರಭೆಯ ದಂಡೆಗುಂಟ ಸೈಕಲ್ ಸವಾರಿ: ಯಾವ ಸೈಕಲ್, ಯಾವ ದಾರಿ? ಅನುಭವವಿದ್ದವರು ತಿಳಿಸಿ

ಪ್ರಶ್ನೆ – ನವನಗರ, ಬಾಗಲಕೋಟೆ

ಸಂಕ್ರಾಂತಿ ಕಳೆದ ಮೇಲೆ ಬಾದಾಮಿಯಿಂದ ಹೊರಟು ಪಟ್ಟದಕಲ್ಲು, ಐಹೊಳೆ ಮಾರ್ಗವಾಗಿ, ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದವರೆಗೆ ಎರಡು ದಿನಗಳಲ್ಲಿ ಸೈಕಲ್ ಮೇಲೆ ಹೋಗಬೇಕೆಂದಿದ್ದೇನೆ. ಲಾರಿ, ಬಸ್ಸುಗಳ ರಸ್ತೆ ಬೇಡ. ನದಿಯ ಆಸುಪಾಸಿನ ಗರಸಿನ ದಾರಿ, ಚಕ್ಕಡಿ ದಾರಿಗಳಲ್ಲಿಯೇ ಆದಷ್ಟು ಸಾಗಬೇಕು. ನನಗೆ 52 ವರ್ಷ, ಏರು ಬಂದಾಗ ಬಲ ಮೊಣಕಾಲು ನೋಯುತ್ತದೆ. 50,000 ರೂಪಾಯಿಯೊಳಗೆ ಗ್ರ್ಯಾವೆಲ್ ಸೈಕಲ್ (ಬಾಗಿದ ಹ್ಯಾಂಡಲಿನ, ಕಚ್ಚಾದಾರಿಗೂ ಆಗುವ ಸೈಕಲ್) ಕೊಳ್ಳಲೇ, ಎಂಟಿಬಿ (ಗುಡ್ಡಗಾಡಿನ ದಪ್ಪ ಟೈರಿನ ಸೈಕಲ್) ಕೊಳ್ಳಲೇ, ಅಥವಾ ಮನೆಯಲ್ಲಿರುವ ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲ್ಲಿಗೆ ದಪ್ಪ ಟೈರು ಹಾಕಿಸಿದರೆ ಸಾಕೇ?

ವಿಜಯಪುರದಿಂದ

ಗ್ರ್ಯಾವೆಲ್ ಸೈಕಲ್ಲನ್ನೇ ಕೊಳ್ಳಿ ಸರ್, ಬೇರೆ ವಿಚಾರ ಬೇಡ. ನಾನು 1,12,000 ರೂಪಾಯಿ ಕೊಟ್ಟು ಕೊಂಡಾಗ ನಮ್ಮ ಮನೆಯಲ್ಲಿ ಅಷ್ಟು ಹಣಕ್ಕೆ ಒಂದು ಒಳ್ಳೆಯ ಬೈಕ್ ಬರುತ್ತಿತ್ತೆಂದು ಎಲ್ಲರೂ ಅಂದರು, ಈಗಲೂ ಅನ್ನುತ್ತಾರೆ. ಕೊಂಡ ಬೆಲೆಗೆ ಲೆಕ್ಕ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದುಕೊಳ್ಳಿ. ಸೈಕಲ್ ಜೊತೆಗೆ ಬಂದ ಟೈರುಗಳು ನಮ್ಮ ಜಾಲಿ ಮುಳ್ಳಿಗೆ ತಡೆಯಲಿಲ್ಲವಾದ್ದರಿಂದ 40 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರುಗಳನ್ನು ಒಂದಕ್ಕೆ 3,800 ರೂಪಾಯಿಯಂತೆ ತರಿಸಿದೆ. ತೂತು ತಾನೇ ಮುಚ್ಚಿಕೊಳ್ಳಲೆಂದು ಒಳಗೆ ಹಾಕುವ ಸೀಲಂಟ್ ಎಂಬ ದ್ರವ ಒಂದು ಲೀಟರಿಗೆ 1,900 ರೂಪಾಯಿ. ಅದು ತಂಪು ಸೀಮೆಯಲ್ಲಿ ಬಹಳ ದಿನ ಬಾಳಬಹುದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎರಡು ತಿಂಗಳೊಳಗೆ ಒಣಗಿ ರಬ್ಬರಿನ ಸಿಪ್ಪೆಯಾಗುತ್ತದೆ. ಹಿಂದಿನ ಗೇರ್ ಹಿಡಿದಿಡುವ ಹ್ಯಾಂಗರ್ ಎಂಬ ಬೆರಳುದ್ದದ ತುಂಡು ಮುರಿದಾಗ ಬೆಂಗಳೂರಿನ ಒಂದು ಅಂಗಡಿಯವರು ಎರಡು ಸಲ ಬೇರೆ ಅಳತೆಯದನ್ನು ಕಳಿಸಿದರು. 1,400 ರೂಪಾಯಿಯ ತುಂಡಿಗೆ ಕೊರಿಯರ್ ಹಣವೇ 500 ದಾಟಿತು, ಸೈಕಲ್ ಅಷ್ಟು ದಿನ ಗೋಡೆಗೆ ಒರಗಿತ್ತು. ಇಷ್ಟಾದರೂ ಗಾಳಿಯ ಒತ್ತಡ 35 ಪಿಎಸ್‌ಐಗೆ ಇಳಿಸಿಕೊಂಡು ಗರಸಿನ ದಾರಿಯಲ್ಲಿ ಹೊರಟರೆ ಅದು ಓಡುವ ರೀತಿಯೇ ಬೇರೆ. ನನ್ನ ಹಣ ನೀರಿಗೆ ಹೋಯಿತೆಂದು ಯಾರಾದರೂ ಹೇಳಿದರೆ ಒಪ್ಪಲಾರೆ.

ಗುಳೇದಗುಡ್ಡದಿಂದ, ನಿವೃತ್ತ ಶಿಕ್ಷಕ

ಮೇಲಿನವರು ವಿಜಯಪುರದಲ್ಲಿ ಕುಳಿತು ನಮ್ಮ ಹೊಳೆಸಾಲಿನ ಮಾತನ್ನಾಡುತ್ತಿದ್ದಾರೆ. ಬಾದಾಮಿಯ ಸುತ್ತ ಮರಳುಗಲ್ಲಿನ ಗುಡ್ಡ, ಅದರ ಬುಡದಲ್ಲಿ ಕಾಲು ಹೂಳುವ ಸಡಿಲ ಮರಳು. ಹೊಳೆಯ ಹತ್ತಿರ ಬಂದಂತೆ ಎರೆ ಹೊಲ. ಈ ಎರಡೂ ನೆಲಗಳಲ್ಲಿ ತೆಳ್ಳನೆಯ ಟೈರಿಗೆ ಕೆಲಸವಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬುವ ಜಾತಿಯದು; ಒಂದು ಅಡ್ಡಮಳೆ ಬಿದ್ದರೂ ಸಾಕು, ಟೈರು ಮತ್ತು ಚೌಕಟ್ಟಿನ ನಡುವಿನ ಸಂದು ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ, ಆಗಲೂ ಪೆಡಲ್ ಒತ್ತಿದರೆ ಗೇರ್ ಕಿತ್ತು ಕೈಗೆ ಬರುತ್ತದೆ. ವಿಜಯಪುರದವರ ಹ್ಯಾಂಗರ್ ಏಕೆ ಮುರಿಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ನನ್ನದು 2.2 ಇಂಚು ಟೈರಿನ ಎಂಟಿಬಿ, 31,000 ರೂಪಾಯಿ. ಮುಂದಿನ ಸಸ್ಪೆನ್ಷನ್ನಿನ ಸೀಲ್ ಹೋಗಿ ಎಣ್ಣೆ ಸೋರಿತು, ದುರಸ್ತಿಗೆ ಹುಬ್ಬಳ್ಳಿಗೆ ಒಯ್ಯಲು ಬಸ್ಸಿನ ಲಗೇಜು, ಊಟ, ಕೂಲಿ ಸೇರಿ 2,650 ರೂಪಾಯಿ ಆಯಿತು. ಅದೊಂದನ್ನು ಬಿಟ್ಟರೆ ಅದು ನನ್ನನ್ನು ನಂದಿಕೇಶ್ವರ, ಮಹಾಕೂಟ, ಪಟ್ಟದಕಲ್ಲಿನ ಹೊಲದ ದಾರಿಗಳಲ್ಲೆಲ್ಲ ಹೊತ್ತು ತಿರುಗಿದೆ. ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗುವ ಕಡೆ ಬೆಳಗಿನ ಹೊತ್ತಿಗೆ ತಲುಪಿದವರಿಗೆ ಡಾಂಬರು ರಸ್ತೆ ಬಿಟ್ಟು ಬಂದದ್ದು ಸಾರ್ಥಕವೆನಿಸುತ್ತದೆ.

ಮುಧೋಳದಿಂದ, ರೈತ

ದಂಡೆ, ದಂಡೆ ಎಂದು ಎಲ್ಲರೂ ಬರೆಯುತ್ತಿದ್ದೀರಿ. ಮಲಪ್ರಭೆಗೆ ಉದ್ದಕ್ಕೂ ಸಾಗುವ ದಂಡೆಯ ದಾರಿ ಎಲ್ಲಿದೆ? 1972ರಲ್ಲಿ ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ ಕೆಳಗಿನ ಹೊಳೆ ವರ್ಷದ ಬಹುಪಾಲು ಸೊರಗಿಯೇ ಇರುತ್ತದೆ, ಪಾತ್ರದೊಳಗೆ ಜಾಲಿ ಕಂಟಿ ಬೆಳೆದು ನಿಂತಿದೆ, ಹಲವು ಕಡೆ ಹೊಲಗಳು ನೀರಿನ ಅಂಚಿನವರೆಗೂ ಚಾಚಿವೆ. 2019ರ ಆಗಸ್ಟಿನಲ್ಲಿ ಮೇಲಿನಿಂದ ನೀರು ಬಿಟ್ಟಾಗ ಪಟ್ಟದಕಲ್ಲು, ಐಹೊಳೆಗಳಿಗೆ ಹೊಳೆ ನುಗ್ಗಿದ್ದನ್ನು ನಾಡೆಲ್ಲ ನೋಡಿದೆ; ಚಕ್ಕಡಿ ದಾರಿಗಳು ಪ್ರತಿ ನೆರೆಗೂ ಜಾಗ ಬದಲಿಸುತ್ತವೆ. ಹಳೆಯ ನಕಾಶೆ ನಂಬಿ ಹೊರಟವರು ಬಿತ್ತಿದ ಜೋಳದೊಳಗೆ ಸೈಕಲ್ ದಬ್ಬಿಕೊಂಡು ಬಂದು ನಿಲ್ಲುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ. ಅದರ ನಡುವೆ ಹಾದವರನ್ನು ಮಾಲೀಕನು ಬೈದರೆ ತಪ್ಪು ಅವನದಲ್ಲ.

ವಾಹನವಿಲ್ಲದ ಗಟ್ಟಿ ದಾರಿ ಬೇಕೆಂದರೆ ಕಾಲುವೆಯ ಏರಿಗಳನ್ನು ಹಿಡಿಯಿರಿ. ನಮ್ಮ ಕಡೆ ಧೂಪದಾಳದಿಂದ ಬರುವ ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಮುರುಮು ಹಾಕಿದ ತಪಾಸಣೆಯ ದಾರಿಯುಂಟು, ಎರಡೂ ಬದಿಗೆ ಕಬ್ಬು, ಬೇಸಿಗೆಯಲ್ಲೂ ತಂಪು. ನಾನು ಅಲ್ಲಿ ಓಡಿಸುವುದು ಗೇರಿಲ್ಲದ ಸಾದಾ ಕಪ್ಪು ಸೈಕಲ್. ಎರಡು ಹೊರ ಟೈರಿಗೆ 700 ರೂಪಾಯಿ, ಪಂಕ್ಚರಿಗೆ 40 ರೂಪಾಯಿ, ಅದನ್ನು ಹಾಕುವವನು ಪ್ರತಿ ಊರಿನಲ್ಲೂ ಇದ್ದಾನೆ. ಲಕ್ಷದ ಸೈಕಲ್ಲಿನವರಿಗೆ ಗಾಳಿ ಹೊಡೆಯುವ ವಾಲ್ವ್ ಕೂಡ ಹಳ್ಳಿಯ ಪಂಪಿಗೆ ಕೂಡುವುದಿಲ್ಲ.

ವಿಜಯಪುರದಿಂದ, ಮತ್ತೆ

ಶಿಕ್ಷಕರು ಹಿರಿಯರು, ಅವರ ಬಗ್ಗೆ ಗೌರವವಿದೆ. ಆದರೆ ನನ್ನ ಹ್ಯಾಂಗರ್ ಮುರಿದದ್ದು ಮಣ್ಣಿನಿಂದಲ್ಲ, ಬಸ್ಸಿನ ಮೇಲೆ ಹಾಕುವಾಗ ಹಮಾಲರು ಗೇರಿನ ಬದಿಗೆ ಕೆಡವಿದ್ದರಿಂದ. ಎರೆ ಮಣ್ಣು ಹಸಿಯಾಗಿದ್ದಾಗ ನಿಮ್ಮ ಎಂಟಿಬಿಯೂ ನಿಲ್ಲುತ್ತದೆ, ಚಕ್ಕಡಿಯೂ ನಿಲ್ಲುತ್ತದೆ. ಜನವರಿಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಲ್ಲಿನಂತಾಗಿರುವಾಗ ಈ ವಾದಕ್ಕೆ ಅರ್ಥವೇನು? ಇನ್ನು ವಾಲ್ವಿನ ಮಾತು. ಐವತ್ತು ರೂಪಾಯಿಯ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿದ್ದರೆ ಯಾವ ಪಂಪಾದರೂ ಕೂಡುತ್ತದೆ. ಕಾಲುವೆ ಏರಿಯನ್ನು ಹೊಗಳಿದ ರೈತರು, ಕಬ್ಬು ನುರಿಸುವ ಕಾಲದಲ್ಲಿ ಅಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರುಗಳ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಟ್ರ್ಯಾಕ್ಟರ್ ಬಂದರೆ ಸೈಕಲ್ಲಿನವನು ಕಾಲುವೆಗೆ ಇಳಿಯಬೇಕು, ಇಲ್ಲವೇ ಹೊಲಕ್ಕೆ ಹಾರಬೇಕು.

ಮುಧೋಳದಿಂದ, ಮತ್ತೆ

ನಾವು ವರ್ಷವಿಡೀ ಬೆಳೆದ ಕಬ್ಬನ್ನು ಆಕಾಶದಲ್ಲಿ ಸಾಗಿಸಬೇಕೇ? ಕಾಲುವೆಯ ಏರಿ ನೀರಾವರಿಯವರ ತಪಾಸಣೆಗೆ, ರೈತರ ಓಡಾಟಕ್ಕೆ ಇರುವಂಥದ್ದು. ನಿಮಗೆ ದಾರಿ ಬಿಟ್ಟದ್ದು ನಮ್ಮ ಸೌಜನ್ಯ. ಮಾರ್ಚ್ ದಾಟಿ ಕಾರ್ಖಾನೆಗಳು ನಿಂತ ಮೇಲೆ ಬನ್ನಿ, ಇಡೀ ಏರಿ ಖಾಲಿಯಿರುತ್ತದೆ.

ಬೆಳಗಾವಿಯಿಂದ

ಮಲಪ್ರಭೆಯೆಂದರೆ ಬಾದಾಮಿಯೊಂದೇ ಅಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ 304 ಕಿ.ಮೀ. ಹರಿಯುವ ಹೊಳೆಯ ಮೇಲ್ಭಾಗದಲ್ಲಿ ಕೆಂಪು ಜಂಬಿಟ್ಟಿಗೆಯ ನೆಲವಿದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಬಸಿದು ದಾರಿ ಗಟ್ಟಿಯಾಗುತ್ತದೆ, ಗ್ರ್ಯಾವೆಲ್ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲ ಈ ಮೂರು ಜಿಲ್ಲೆಗಳಲ್ಲಿಲ್ಲ. ಆದರೆ ಆ ಕೆಂಪು ನೀರು ಬ್ರೇಕುಗಳನ್ನು ತಿನ್ನುತ್ತದೆ. ನನ್ನ ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡುಗಳು ಒಂದೇ ಮಳೆಗಾಲದಲ್ಲಿ ಕಬ್ಬಿಣದ ತಗಡಿನವರೆಗೆ ಸವೆದವು, ತಗಡು ತಾಗಿ ರೋಟರ್ (ಪ್ಯಾಡು ಹಿಡಿಯುವ ತಟ್ಟೆ) ಕೂಡ ಗೀರಿತು. ಲೋಹದ ಪ್ಯಾಡು ಜೋಡಿಗೆ 900ರಂತೆ ಎರಡು ಜೋಡಿ, ರೋಟರಿಗೆ 1,600. ಭೀಮಗಡ ಅಭಯಾರಣ್ಯದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ.

ಗುಳೇದಗುಡ್ಡದಿಂದ, ಮತ್ತೆ

ಅವರು ಕೇಳಿದ್ದು ಬಾದಾಮಿಯಿಂದ ಸಂಗಮದ ದಾರಿ. ಖಾನಾಪುರದ ಕಾಡನ್ನು ಇಲ್ಲಿಗೆ ತಂದು ಏನು ಪ್ರಯೋಜನ? ಬೆಳಗಾವಿಯವರಿಗೆ ಹೊಳೆ ಸವದತ್ತಿಗೇ ಮುಗಿದುಹೋಗುತ್ತದೆ ಎಂದು ಕಾಣುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ದಯವಿಟ್ಟು ಯಾರಾದರೂ ಮೊಣಕಾಲಿನ ಬಗ್ಗೆ, 50,000ದ ಮಿತಿಯ ಬಗ್ಗೆ ಹೇಳಿ. ಹೈಬ್ರಿಡ್ ಸೈಕಲ್ಲಿಗೆ 38 ಮಿ.ಮೀ. ಟೈರು ಕೂಡುತ್ತದೆ ಎಂದು ಇಲ್ಲಿನ ಅಂಗಡಿಯವರು ಹೇಳಿದ್ದಾರೆ.

ಇಳಕಲ್ಲಿನಿಂದ

ನನ್ನ ಮೊಣಕಾಲಿನ ಚಿಪ್ಪಿನಡಿ ನೋವಿರುವುದರಿಂದ ಬರೆಯುತ್ತಿದ್ದೇನೆ; ಮೇಲಿನ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನದೂ ಹೈಬ್ರಿಡ್ಡೇ. ಹೊಸ ಸೈಕಲ್ ಕೊಳ್ಳುವ ಬದಲು ಮುಂದಿನ ಹಲ್ಲುಚಕ್ರ ಸಣ್ಣದು, ಹಿಂದಿನದು ದೊಡ್ಡದು ಹಾಕಿಸಿದೆ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನು, ಕೂಲಿ ಸೇರಿ 4,300 ರೂಪಾಯಿ. ಮೊದಲು ತಂದ ಕ್ಯಾಸೆಟ್ಟು, ಚೈನು ಸರಿಸಿ ಗೇರ್ ಬದಲಿಸುವ ಹಿಂದಿನ ಡಿರೇಲರಿಗೆ ಹೊಂದದೆ 1,700 ರೂಪಾಯಿ ಹಾಗೆಯೇ ಹೋಯಿತು, ಮಾರಿದವರು ಮರಳಿ ಪಡೆಯಲಿಲ್ಲ. ಸೀಟನ್ನು ಒಂದು ಬೆರಳಿನಷ್ಟು ಎತ್ತರಿಸಿದ್ದು ಇದೆಲ್ಲಕ್ಕಿಂತ ಹೆಚ್ಚಿನ ಗುಣ ಕೊಟ್ಟಿತು, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಬಾದಾಮಿಯ ಗುಡ್ಡ ಇಳಿದ ಮೇಲೆ ಈ ಕಣಿವೆಯಲ್ಲಿ ದೊಡ್ಡ ಏರುಗಳಿಲ್ಲ. ಮೊಣಕಾಲನ್ನು ಕೊಲ್ಲುವುದು ಗಾಳಿ. ಚಳಿಗಾಲದಲ್ಲಿ ಇಲ್ಲಿ ಮೂಡಣ ಗಾಳಿ ಬೀಸುತ್ತದೆ, ನೀವು ಹೋಗುವುದೂ ಈಶಾನ್ಯಕ್ಕೆ. ಎದುರುಗಾಳಿಯಲ್ಲಿ ಇಡೀ ದಿನ ಪೆಡಲ್ ಒತ್ತಿದರೆ ಏರು ಹತ್ತಿದ್ದಕ್ಕಿಂತ ಹೆಚ್ಚು ನೋಯುತ್ತದೆ. ಆದ್ದರಿಂದ ಕೂಡಲಸಂಗಮದಿಂದ ಹೊರಟು ಬಾದಾಮಿಯಲ್ಲಿ ಮುಗಿಸಿ. ಅಲ್ಲಿಂದ ಬಾಗಲಕೋಟೆಗೆ ರೈಲಿದೆ. ಸೈಕಲ್ಲನ್ನು ಪಾರ್ಸೆಲ್ ಮಾಡಬೇಕೆಂದಿದ್ದರೆ ನಿಮ್ಮ ರೈಲಿಗೆ ಲಗೇಜು ಬೋಗಿ ಇದೆಯೇ ಎಂದು ಮೊದಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ.

ವಿಜಯಪುರದಿಂದ, ಮತ್ತೆ

ಹೊಳೆ ಹರಿಯುವ ದಿಕ್ಕಿಗೆ ಹೋಗಿ ಸಂಗಮದಲ್ಲಿ ಮುಗಿಸಬೇಕೆಂಬುದು ಅವರ ಆಸೆ. ಅದನ್ನು ಗಾಳಿಗಾಗಿ ತಿರುಗಿಸುವುದು ಸರಿಯಲ್ಲ. ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಇದ್ದರೆ ಬಗ್ಗಿ ಕುಳಿತು ಎದುರುಗಾಳಿಯನ್ನು ಸೀಳಿಕೊಂಡು ಹೋಗಬಹುದು, ಅದಕ್ಕಾಗಿಯೇ ನಾನು ಗ್ರ್ಯಾವೆಲ್ ಸೈಕಲ್ ಎಂದದ್ದು.

ಇಳಕಲ್ಲಿನಿಂದ, ಮತ್ತೆ

ಮೊಣಕಾಲು ನೋಯುವ 52ರ ಮನುಷ್ಯನಿಗೆ ದಿನವಿಡೀ ಬಗ್ಗಿ ಕುಳಿತುಕೊಳ್ಳಲು ಹೇಳುತ್ತಿದ್ದೀರಿ. ಪ್ರಶ್ನೆ ಕೇಳಿದ ಸರ್, ಸಂಗಮದ ಕಡೆಯಿಂದಲೇ ಹೊರಡಿ. ಹುನಗುಂದದ ಹತ್ತಿರ ಹೆದ್ದಾರಿಯನ್ನು ದಾಟುವಾಗ ಮಾತ್ರ ಸೈಕಲ್ ಇಳಿದು ದಬ್ಬಿಕೊಂಡು ದಾಟಿ. ಐಹೊಳೆಯ ಹತ್ತಿರದ ನೆಗ್ಗಿಲು ಮುಳ್ಳಿಗೆ ಎರಡು ಹೆಚ್ಚಿನ ಟ್ಯೂಬುಗಳನ್ನು ಇಟ್ಟುಕೊಳ್ಳಿ, 38 ಮಿ.ಮೀ. ಟೈರಿನೊಳಗೆ ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಹಾಸಿಬಿಡಿ.